ಪುರಾಣಿಕರು ತಿರುವಿದ ಎರಡು ಹಾಳೆ

ಶ್ರಾವಣ ಬಂತು, ಶ್ರವಣಕ್ಕೆ ಜನ ಬರಲಿಲ್ಲ. ಹೊಳವನಹಳ್ಳಿಯ ಬಸವಣ್ಣನ ಗುಡಿ ಪಡಸಾಲೆಯಲ್ಲಿ ಸಂಜೆ ಏಳಕ್ಕೆ ಸರಿಯಾಗಿ ಪುರಾಣ ಬಿಚ್ಚಿ ಕೂತ ಚನ್ನಮಲ್ಲಯ್ಯನವರು ಕನ್ನಡಕದ ಮೇಲಿಂದ ನೋಡಿದರು. ಎದುರಿಗೆ ನಾಲ್ಕು ಜನ. ಒಬ್ಬರಿಗೆ ಕಿವಿ ಕೇಳಿಸದು. ಒಬ್ಬರು ಗುಡಿಯ ಪ್ಲಗ್ಗಿನಲ್ಲಿ ಮೊಬೈಲ್ ಚಾರ್ಜಿಗೆ ಹಾಕಿ ಕಾವಲು ಕೂತವರು. ಉಳಿದಿಬ್ಬರು ಮನೆಯಲ್ಲಿ ಟೀವಿ ಸದ್ದಿಗೆ ನಿದ್ದೆ ಹತ್ತದೆ ಇಲ್ಲಿಗೆ ಮಲಗಲು ಬಂದವರು. ಐದನೆಯವನು ಕುಮಾರಸ್ವಾಮಿ. ಅವನು ಹಾರ್ಮೋನಿಯಂ ನುಡಿಸುವವನು, ಹಾಗಾಗಿ ಲೆಕ್ಕಕ್ಕಿಲ್ಲ.

ಮೂವತ್ತೊಂದು ಶ್ರಾವಣಗಳಿಂದ ಅಯ್ಯನವರು ಇದೇ ಮಣೆಯ ಮೇಲೆ ಕೂತು ಶಿವಶರಣೆಯೊಬ್ಬಳ ಪುರಾಣ ಹೇಳುತ್ತಿದ್ದರು. ಹೇಳುವುದಕ್ಕಿಂತ ಅಳಿಸುವುದರಲ್ಲಿ ಅವರದು ಎತ್ತಿದ ಕೈ. ಈ ಸೀಮೆಯಲ್ಲಿ ಬೋರು ಕೊರೆಯುವವರು ಎಷ್ಟು ಅಡಿಗೆ ನೀರು ಬರುತ್ತದೆಂದು ಹೇಳಲಾರರು. ಅಯ್ಯನವರು ಎಷ್ಟನೇ ಪದ್ಯಕ್ಕೆ ಕಣ್ಣೀರು ಬರುತ್ತದೆಂದು ಬರೆದುಕೊಡಬಲ್ಲವರಾಗಿದ್ದರು. ಅಂಥ ಜಾಗಗಳಿಗೆಲ್ಲ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನ ಕತ್ತರಿ ಗುರುತು. ಗುರುತು ಬಂದ ಕೂಡಲೇ ಕುಮಾರಸ್ವಾಮಿ ಹಾರ್ಮೋನಿಯಂ ನಿಲ್ಲಿಸಬೇಕು, ಅಯ್ಯನವರು ಒಂದು ಗುಟುಕು ನೀರು ಕುಡಿಯಬೇಕು, ಅಷ್ಟರಲ್ಲಿ ಹೆಂಗಸರ ಸೆರಗು ಕಣ್ಣಿಗೆ ಹೋಗಿರಬೇಕು. ಹೋಗುತ್ತಿತ್ತು. ಪುರಾಣದಲ್ಲಿ ಕೂಸು ಹುಟ್ಟಿದ ದಿನ ಪಡಸಾಲೆಯಲ್ಲಿ ನಿಜವಾದ ತೊಟ್ಟಿಲು ಕಟ್ಟಿ ತೂಗುತ್ತಿದ್ದರು, ಮದುವೆ ಬಂದ ದಿನ ಮಡಲಕ್ಕಿ ತರುತ್ತಿದ್ದರು. ಇಷ್ಟೆಲ್ಲ ನಡೆಸಿದ ಅಯ್ಯನವರ ಸ್ವಂತ ಕಣ್ಣು ಮಾತ್ರ ಬೇಸಿಗೆಯ ಬೆದ್ದಲು ಹೊಲದಷ್ಟೇ ಒಣ. ಬಡಿಸುವವನು ಪಂಕ್ತಿಯಲ್ಲಿ ಕೂತು ಉಣ್ಣಬಾರದು ಎನ್ನುವುದು ಅವರ ಕಸುಬಿನ ನೇಮ.

ನಾಲ್ಕನೇ ದಿನವೂ ನಾಲ್ಕೇ ಜನ ಕಂಡ ಮೇಲೆ ಗುಡಿ ಕಮಿಟಿ ಅಧ್ಯಕ್ಷ, ಗೊಬ್ಬರದಂಗಡಿ ಪ್ರಭುದೇವ್, ಮಣೆಯ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ.

"ಬೇಜಾರ್ ಮಾಡ್ಕಾಬ್ಯಾಡಿ ಅಯ್ನೋರೆ. ಯೂಟ್ಯೂಬ್ನಾಗೆ ಇದೇ ಪುರಾಣ ಐತೆ. ತಬಲ, ಕೊಳಲು ಎಲ್ಲಾ ಐತೆ. ಒಂದು ಸ್ಪೀಕರ್ ಇಟ್ಬುಟ್ರೆ ಜನ ಇದ್ರೂ ಹೇಳ್ತೈತೆ, ಇಲ್ದಿದ್ರೂ ಹೇಳ್ತೈತೆ."

"ನಾನೂ ಈಗ ಅದನ್ನೇ ಮಾಡ್ತಿರೋದು ಕಣಪ್ಪ."

"ಅಮಾವಾಸ್ಯೆಗೆ ಮಂಗಳ. ಅವತ್ತು ಮಠದ ಸ್ವಾಮ್ಗೋಳು ಬರ್ತಾವ್ರೆ. ಪಡಸಾಲೆ ತುಂಬಿದ್ರೆ ಮುಂದಿನ್ ವರ್ಷನೂ ನೀವೇ. ಖಾಲಿ ಇದ್ರೆ ಸ್ಪೀಕರ್ರು. ನಂದೇನಿಲ್ಲ, ಕಮಿಟಿ ಮಾತು." ಕಮಿಟಿಯಲ್ಲಿ ಮಾತಾಡುವವನು ಅವನೊಬ್ಬನೇ.

ಹೆಂಗಸರೆಲ್ಲ ಎಲ್ಲಿ ಹೋದರು ಎನ್ನುವುದು ಅಯ್ಯನವರಿಗೆ ಗೊತ್ತಿರಲಿಲ್ಲವೆಂದಲ್ಲ. ಅವರ ಮನೆಯವರೇ, ಸರ್ವಮಂಗಳಮ್ಮನೇ, ಆರಕ್ಕೆ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೋದವರು ಎಂಟಕ್ಕೆ ವಾಪಸ್ಸು ಬರುತ್ತಿದ್ದರು. ಇರುವುದು ಒಂದು ಹಸು, ಕೊಡುವುದು ಮೂರು ಲೀಟರು. ಅಷ್ಟಕ್ಕೆ ಎರಡು ಗಂಟೆ ಯಾಕೆಂದು ಕೇಳಿದರೆ, "ಫ್ಯಾಟ್ ನೋಡೋದು ನಿಧಾನ ಕಣ್ರೀ" ಎನ್ನುವರು. ಏಳನೇ ದಿನ ಅಯ್ಯನವರು ಕುಮಾರಸ್ವಾಮಿಯನ್ನು ಕರೆದುಕೊಂಡು ಫ್ಯಾಟನ್ನು ತಾವೇ ನೋಡಿಬರಲು ಹೊರಟರು.

ಡೈರಿಯ ಜಗಲಿ ಗಿಜಿಗುಟ್ಟುತ್ತಿತ್ತು. ನಲವತ್ತು ಹೆಂಗಸರು ಖಾಲಿ ಕ್ಯಾನುಗಳನ್ನು ಪಕ್ಕದಲ್ಲಿಟ್ಟುಕೊಂಡು, ಮೇಲುಕೇರಿ ಕೆಳಕೇರಿ ಎನ್ನದೆ ಒತ್ತೊತ್ತಾಗಿ ಕೂತಿದ್ದರು. ಮಧ್ಯದಲ್ಲಿ ಮಗುಚಿದ ಕ್ಯಾನಿನ ಮೇಲೆ ಸೆಕ್ರೆಟರಿ ಲಕ್ಷ್ಮೀಪತಿಯ ಮಗಳು ಮಾನಸ. ಕೊರಟಗೆರೆಯಲ್ಲಿ ಪಿಯುಸಿ ಓದುವ ಹುಡುಗಿ. ಕಾಲೇಜಿನ ಲೈಬ್ರರಿಯಿಂದ ತಂದ 'ಒಂದೇ ಬೆಂಚಿನ ಇಬ್ಬರು' ಎಂಬ ಹರೆಯದವರ ಕಾದಂಬರಿಯನ್ನು ಗಟ್ಟಿಯಾಗಿ ಓದುತ್ತಿದ್ದಳು. ಮೊದಲ ದಿನ ತನ್ನಷ್ಟಕ್ಕೆ ಓದಿಕೊಂಡು ಮೂಗು ಸೊರಗುಟ್ಟಿಸುತ್ತಿದ್ದಳಂತೆ. ಒಬ್ಬಳೇ ಅಳುವುದು ಸರಿಯಲ್ಲ, ನಮಗೂ ಹೇಳು ಎಂದು ಹೆಂಗಸರು ಹಿಡಿದುಕೊಂಡರಂತೆ.

ಹೂವಿನ ಓಬಳಮ್ಮ ಎದ್ದು ಬಂದು ಅಯ್ಯನವರ ಅಂಗೈಗೆ ಒಂದು ಎಳ್ಳಿನ ಚಿಗಳಿ, ಒಂದು ತಂಬಿಟ್ಟು ಇಟ್ಟಳು. ಓಬಳಮ್ಮನ ತವರು ಪಾವಗಡದ ಕಡೆಯ ರಾಯಚರ್ಲು. ಈ ಊರಿಗೆ ಬಂದು ನಲವತ್ತು ವರ್ಷವಾದರೂ ಸಿಟ್ಟು ಸಂತೋಷ ಎರಡಕ್ಕೂ ತೆಲುಗೇ ಮೊದಲು ಬರುವುದು.

ಅಯ್ಯನವರು ಚಿಗಳಿ ಬಾಯಿಗೆ ಹಾಕಿಕೊಂಡೇ ಕೇಳಿದರು. "ಪಂಚಮಿ ಮೊನ್ನೆನೇ ಆಯ್ತು. ಯಾರ ಮನೇಲಮ್ಮ ಹುಡುಗಿ ದೊಡ್ಡೋಳಾಗಿರೋದು?"

"ನಮ್ ಶಿವರಂಜನಿ ಅಯ್ನೋರೆ."

"ಯಾವ ಶಿವರಂಜನಿ?"

"ಪುಸ್ತಕದೋಳು," ಎಂದರು ಸರ್ವಮಂಗಳಮ್ಮ, ಗಂಡನ ಮುಖ ನೋಡದೆ. "ನೆನ್ನೆ ಮೂರ್ನೇ ಅಧ್ಯಾಯದಾಗಾದ್ಲು. ಅಮ್ಮ ಇಲ್ಲ ಅದಕ್ಕೆ. ಚಿಗಳಿ ಮಾಡಿಕೊಡೋರು ಯಾರವ್ರೆ?"

"ಪುಸ್ತಕದಾಗಿರೋ ಹುಡುಗೀಗೆ ಚಿಗಳಿ ತಂಬಿಟ್ಟಾ?"

"ಯಾಕೆ, ಪುರಾಣದಾಗಿರೋ ಕೂಸಿಗೆ ನೀವು ತೊಟ್ಲು ಕಟ್ಟಲ್ವಾ?" ಎಂದಳು ಓಬಳಮ್ಮ.

ಅಯ್ಯನವರು ಉತ್ತರ ಹೇಳಬೇಕೆಂದಿದ್ದರು. ಚಿಗಳಿ ಹಲ್ಲಿಗೆ ಅಂಟಿಕೊಂಡಿತ್ತು. ಬಿಡಿಸಿಕೊಳ್ಳುವಷ್ಟರಲ್ಲಿ ಮಾನಸ ಓದು ಶುರು ಮಾಡಿದ್ದಳು. ನಲವತ್ತು ತಲೆ ಆ ಕಡೆ ತಿರುಗಿದವು, ಅವರ ಹೆಂಡತಿಯದೂ ಸೇರಿ.

ಗುಡಿಗೆ ಮರಳುವ ದಾರಿಯಲ್ಲಿ ಕುಮಾರಸ್ವಾಮಿ ಸಮಾಧಾನ ಹೇಳಿದ. "ನಮ್ದು ಹಾರ್ಮೋನಿಯಂ, ಅವರ್ದು ಹಾರ್ಮೋನು ಅಯ್ನೋರೆ. ಯಾವ್ದಕ್ಕೆ ಜನ ಸೇರ್ತಾರೆ ನೀವೇ ಹೇಳಿ."

"ಮುಚ್ಲಾ ಬಾಯಿ."

ದೇವರು ದೊಡ್ಡವನು. ಅಮಾವಾಸ್ಯೆಗೆ ನಾಲ್ಕು ದಿನವಿದೆ ಎನ್ನುವಾಗ ಮಾನಸಳನ್ನು ಕಾಲೇಜಿನವರು ಎನ್ನೆಸ್ಸೆಸ್ ಕ್ಯಾಂಪಿಗೆಂದು ಮಧುಗಿರಿಗೆ ಕರೆದುಕೊಂಡು ಹೋದರು. ಪುಸ್ತಕ ಮುಗಿಯಲು ಇನ್ನೂ ಆರು ಅಧ್ಯಾಯ. ಕಥೆಯಲ್ಲಿ ಶಿವರಂಜನಿಯ ಗೆಳತಿ ಭುವನಾಗೆ ಕಿಡ್ನಿ ಕೆಟ್ಟು ಆಸ್ಪತ್ರೆಗೆ ಸೇರಿಸಿದ್ದರು. ಹೆಂಗಸರು ಅಲ್ಲಿಗೆ ನಿಂತ ಕಥೆಯನ್ನು ಎದೆಯಲ್ಲಿಟ್ಟುಕೊಂಡು ಅನ್ನ ಸೇರದೆ ಓಡಾಡಿದರು. ಓಬಳಮ್ಮ ಭುವನಾಳ ಹೆಸರಿನಲ್ಲಿ ಮಾರಮ್ಮನಿಗೆ ಹರಕೆ ಕಟ್ಟಿದ್ದಳು. ಮಾರಮ್ಮನಿಗೆ ವಿಳಾಸ ಗೊತ್ತಾಗಲಿ ಎಂದು ಆಸ್ಪತ್ರೆಯ ವಾರ್ಡ್ ನಂಬರನ್ನೂ ಹೇಳಿದ್ದಳು.

ಸರ್ವಮಂಗಳಮ್ಮ ಮಾನಸ ಬಿಟ್ಟುಹೋಗಿದ್ದ ಪುಸ್ತಕವನ್ನು ಸೆರಗಿನಲ್ಲಿ ಸುತ್ತಿ ತಂದು ಗಂಡನ ಮುಂದಿಟ್ಟರು. "ನೀವೋದ್ರಿ. ಹೆಂಗಸ್ರೆಲ್ಲ ಕೇಳ್ತಾವ್ರೆ."

ಅಯ್ಯನವರಿಗೆ ಒಳಗೊಳಗೇ ಜಾಗಟೆ ಬಾರಿಸಿದಂತಾಯಿತು. ಮುಖದ ಮೇಲೆ ಮಾತ್ರ ಮೂರು ಬೆರಳಿನ ವಿಭೂತಿಯಷ್ಟೇ ಗಾಂಭೀರ್ಯ. "ನಾನು ಇಂಥದ್ದನ್ನೆಲ್ಲ ಓದೋನಲ್ಲ. ನೀವು ಇಷ್ಟು ಹೇಳ್ತೀರಿ ಅಂತ. ಆದ್ರೆ ಗುಡಿಗೆ ಬರ್ಬೇಕು. ಮೊದ್ಲು ಇದು, ಆಮೇಲೆ ಪುರಾಣ. ಮಧ್ಯ ಯಾರೂ ಎದ್ದೋಗಂಗಿಲ್ಲ."

"ಇಷ್ಟು ಯಾರ್ರೀ ಹೇಳಿದ್ದು? ಒಂದ್ಸತಿ ಕೇಳಿದ್ದು," ಎಂದು ಅವರು ಒಳಗೆ ಹೋದರು.

ಮರುದಿನ ಮಧ್ಯಾಹ್ನ ಊಟ ಮುಗಿಸಿ ಅಯ್ಯನವರು ಹಿತ್ತಿಲ ಕಟ್ಟೆಯ ಮೇಲೆ ಪುಸ್ತಕ, ಪೆನ್ಸಿಲ್ ಹಿಡಿದು ಕೂತರು. ಮೊದಲೇ ಓದಿ ಗುರುತು ಹಾಕದೆ ಸಭೆಯಲ್ಲಿ ಓದಿದವರಲ್ಲ. ಮೊದಲ ಪುಟದಿಂದಲೇ ಹಿಡಿದರು. ಹದಿನಾಲ್ಕು ವರ್ಷದ ಇಬ್ಬರು ಹುಡುಗಿಯರು. ಒಂದೇ ಬೆಂಚು, ಇಬ್ಬರಿಗೂ ಸೇರಿ ಒಂದೇ ಮೊಬೈಲ್, ಬಸ್ಸಿನಲ್ಲಿ ಒಂದೇ ಇಯರ್‌ಫೋನು. ಎಡಗಿವಿಯದು ಶಿವರಂಜನಿಗೆ, ಬಲಗಿವಿಯದು ಭುವನಾಗೆ. ಹಾಡು ಅರ್ಧರ್ಧ. ಅಯ್ಯನವರು "ಇದೂ ಒಂದು ಕಥೇನಾ" ಎಂದುಕೊಂಡು ಪುಟ ತಿರುವಿದರು. ಎರಡು ಕಡೆ ಕತ್ತರಿ ಹಾಕಿದರು. ಮೂರನೆಯ ಕಡೆ ಹಾಕಿ, "ಇಲ್ಲಿ ನೀರು ಕುಡಿಯಬೇಕು" ಎಂದು ಬರೆದರು. ಹಾಗೇ ಓದುತ್ತಾ ಹೋದರು. ಟೀ ತಣ್ಣಗಾಗಿ ಕೆನೆ ಕಟ್ಟಿತು.

ಹತ್ತೊಂಬತ್ತನೇ ಅಧ್ಯಾಯದಲ್ಲಿ ಭುವನಾ ಸತ್ತಳು. ಸತ್ತದ್ದನ್ನು ಬರೆದವರು ಒಂದೇ ಸಾಲಿನಲ್ಲಿ ಮುಗಿಸಿದ್ದರು, ಹಾಡಿಲ್ಲ, ಗೋಳಿಲ್ಲ. ಅದಾದ ಮೇಲೆ ಶಿವರಂಜನಿ ಒಬ್ಬಳೇ ಬಸ್ಸು ಹತ್ತುತ್ತಾಳೆ. ಎಡಗಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು, ಬಲಗಿವಿಯದನ್ನು ಖಾಲಿ ಸೀಟಿನ ಮೇಲೆ ಮೆತ್ತಗೆ ಇಡುತ್ತಾಳೆ. ಕಂಡಕ್ಟರ್ ಎಷ್ಟು ಎಂದು ಕೇಳುತ್ತಾನೆ. ಅವಳು ಕಿಟಕಿ ಕಡೆ ನೋಡುತ್ತಾ ಎರಡು ಎನ್ನುತ್ತಾಳೆ.

ಅಯ್ಯನವರು ಕತ್ತರಿ ಹಾಕಲು ಪೆನ್ಸಿಲ್ ಇಟ್ಟರು. ಒಂದು ಗೆರೆ ಎಳೆದರು. ಎರಡನೆಯದು ಬರಲಿಲ್ಲ. ಪುಟದ ಮೇಲೆ ಏನೋ ಟಪ್ಪೆಂದಿತು. ಮಳೆ ಬಂತೇನೋ ಎಂದು ತಲೆ ಎತ್ತಿದರು, ಆಕಾಶದಲ್ಲಿ ಒಂದು ತುಂಡು ಮೋಡವೂ ಇರಲಿಲ್ಲ. ಇನ್ನೊಂದು ಟಪ್. ಮೂಗಿನ ತುದಿ ಮುಟ್ಟಿ ನೋಡಿಕೊಂಡ ಮೇಲೆ ಇದು ತಮ್ಮದೇ ಸೋರಿಕೆ ಎಂದು ಗೊತ್ತಾಯಿತು. ಅಯ್ಯನವರಿಗೆ ದುಃಖಕ್ಕಿಂತ ಮೊದಲು ಅವಮಾನವಾಯಿತು. ಮಹಾಶರಣೆಯನ್ನೇ ಮೂವತ್ತೊಂದು ಸಲ ಲಿಂಗೈಕ್ಯ ಮಾಡಿಸಿದ ಮನುಷ್ಯ, ಬಸ್ ಟಿಕೆಟ್ಟಿಗೆ ಅಳುವುದೆಂದರೇನು? ಸಾವರಿಸಿಕೊಂಡು ಅದೇ ಪುಟವನ್ನು ಮತ್ತೆ ಓದಿದರು, ಪಳಗಿದರೆ ಸರಿಹೋಗುತ್ತದೆಂದು. ಎರಡನೇ ಸಲ ಸದ್ದು ಕೂಡ ಬಂತು.

ಹಸುವಿಗೆ ನೀರು ಇಡಲು ಬಂದ ಸರ್ವಮಂಗಳಮ್ಮ ಬಕೆಟ್ ಹಿಡಿದೇ ನಿಂತರು. "ಯಾಕ್ರೀ?"

"ವಿಭೂತಿ ಕಣ್ಣಿಗೆ ಬಿತ್ತು."

"ಬೆಳಿಗ್ಗೆ ಹಚ್ಕಂಡಿದ್ದು ಈಗ ಬಿತ್ತಾ?" ಅವರು ಪುಸ್ತಕದ ಕಡೆ ನೋಡಿದರು. ದನಿ ಸಣ್ಣದಾಯಿತು. "ಭುವನಾ ಹೆಂಗವ್ಳೆ?"

"ಚೆನ್ನಾಗವ್ಳೆ," ಎಂದರು ಅಯ್ಯನವರು.

ಹೇಳಿಬಿಟ್ಟ ಮೇಲೆ ಯೋಚನೆ ಹತ್ತಿತು. ಕಸುಬಿನ ಲೆಕ್ಕದಲ್ಲಿ ನೋಡಿದರೆ ಇದು ಮೂವತ್ತೊಂದು ವರ್ಷದಲ್ಲೇ ಸಿಗದ ಜಾಗ. ಹತ್ತೊಂಬತ್ತನೇ ಅಧ್ಯಾಯವನ್ನು ಪಟ್ಟಾಗಿ ಓದಿದರೆ ಪಡಸಾಲೆ ಮುಳುಗಿಹೋಗುತ್ತದೆ, ಮಂಗಳದ ದಿನ ಜಾಗ ಸಾಲದೆ ಶಾಮಿಯಾನ ಹಾಕಬೇಕಾಗುತ್ತದೆ, ಪ್ರಭುದೇವ್ ಸ್ಪೀಕರಿನ ಮಾತೆತ್ತಲಾರ. ಇಷ್ಟೆಲ್ಲ ಗೊತ್ತಿದ್ದೂ, ಚೆನ್ನಾಗವ್ಳಾ ಎಂದು ಕೇಳುವ ನಲವತ್ತು ಮುಖಗಳಿಗೆ ಇಲ್ಲ ಎನ್ನುವುದು ಹೇಗೆ? ಜೊತೆಗೆ ಮಣೆಯ ಮೇಲೆ ಕೂತು ತಾವೇ ಗೊಳೋ ಎಂದರೆ?

ಆ ಸಂಜೆ ಪಡಸಾಲೆ ತುಂಬಿತು. ಕಂಬಕ್ಕೊರಗಿದ ಪ್ರಭುದೇವ್‌ನ ಮುಖದಲ್ಲಿ ಯೂರಿಯಾ ಲೋಡು ಬಂದಷ್ಟು ಕಳೆ. ಕೆಳಕೇರಿಯವರು ಎಂದಿನಂತೆ ಮೆಟ್ಟಿಲ ಕೆಳಗೆ ಕೂತಿದ್ದರು. ಡೈರಿ ಜಗಲಿಯಲ್ಲಿ ಸರ್ವಮಂಗಳಮ್ಮನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುತ್ತಿದ್ದ ಓಬಳಮ್ಮ ಇಲ್ಲಿ ಏಳು ಮೆಟ್ಟಿಲು ಇಳಿದಿದ್ದಳು. "ಮೈಕ್ ಗಟ್ಟಿ ಇಡ್ರಪ್ಪ, ಕೆಳಕ್ಕೂ ಕಿವಿ ಅವೆ," ಎಂದಳು.

ಅಯ್ಯನವರು ಓದಿದರು. ಆಸ್ಪತ್ರೆ, ಗ್ಲೂಕೋಸು, ಗೆಳತಿಯ ಕೈಮೇಲೆ ಬರೆದ ಫಾರ್ಮುಲಾ, ಎಲ್ಲ ಚೆನ್ನಾಗಿ ಬಂತು. ಹದಿನೆಂಟು ಮುಗಿಯಿತು. ಹತ್ತೊಂಬತ್ತು ಶುರುವಾಯಿತು. ಅಯ್ಯನವರು ಬೆರಳಿಗೆ ಎಂಜಲು ಹಚ್ಚಿ ಎರಡು ಹಾಳೆಯನ್ನು ಒಟ್ಟಿಗೆ ತಿರುವಿಬಿಟ್ಟರು. ಕಣ್ಣು ಪುಸ್ತಕದ ಮೇಲೇ ಇತ್ತು, ಬಾಯಿ ಮಾತ್ರ ಬೇರೆ ದಾರಿ ಹಿಡಿಯಿತು.

"ಆಗ ಡಾಕ್ಟರು ಏನಂದ್ರಪ್ಪ ಅಂದ್ರೆ, ಈ ಹುಡುಗೀಗೆ ಹವಾ ಬದಲಾಗ್ಬೇಕು. ಅದರಂತೆ ಭುವನಾಳನ್ನ ಅವರ ಮಾವ ಬಂದು ಕರ್ಕೊಂಡೋದ. ಎಲ್ಲಿಗೆ? ರಾಯಚರ್ಲಿಗೆ."

ಅವಸರಕ್ಕೆ ನಾಲಿಗೆಗೆ ಸಿಕ್ಕಿದ ಊರು ಅದು. ಅದು ಯಾರ ತವರು ಎಂದು ನೆನಪಾಗುವಷ್ಟರಲ್ಲಿ ಮೆಟ್ಟಿಲ ಕೆಳಗಿಂದ ಓಬಳಮ್ಮನ ದನಿ ಬಂದಿತ್ತು.

"ಏಂದಿ ಅಯ್ನೋರೆ? ಎಲ್ಲಿಗಂದ್ರಿ?"

"ರಾಯಚರ್ಲಿಗೆ ಕಣಮ್ಮ."

"ನಮ್ಮೂರಾಗೆ ಸೋಲಾರ್ ಪ್ಲೇಟ್ ಬುಟ್ರೆ ಇನ್ನೇನೈತೆ? ಕಿಡ್ನಿ ಕೆಟ್ಟಿರೋ ಪಾಪನ್ನ ಅಲ್ಲಿಗ್ಯಾಕೆ ಕರ್ಕೊಂಡೋದ್ರು? ಬಿಸಿಲಿಗೆ ಒಣಗಾಕಕಾ?"

ಪಡಸಾಲೆಯಲ್ಲಿ ನಗು ಎದ್ದಿತು, ಎದ್ದಷ್ಟೇ ಬೇಗ ಕೂತಿತು. ಯಾಕೆಂದರೆ ಮುಂದಿನ ಸಾಲಿನಲ್ಲಿ ಸರ್ವಮಂಗಳಮ್ಮ ನಗಲಿಲ್ಲ.

"ಎರಡು ಹಾಳೆ ಒಟ್ಗೆ ತಿರುವಿದ್ರಿ. ನಾನು ನೋಡ್ದೆ," ಎಂದರು.

"ಅಂಟ್ಕೊಂಡಿತ್ತು."

"ಮಧ್ಯಾನ ಅಂಟಿರ್ನಿಲ್ಲ. ಮಧ್ಯಾನ ಒದ್ದೆ ಆಗಿತ್ತು." ಸಭೆಯಲ್ಲಿ ಗಂಡನನ್ನು ಹೀಗೆ ಕೇಳಿದ್ದು ಅವರಿಗೆ ಅದೇ ಮೊದಲು. "ಸತ್ತೋದ್ಲಾ?"

ಅಯ್ಯನವರು ನೀರಿನ ಲೋಟ ಎತ್ತಿಕೊಂಡರು. ಕುಡಿಯಲಿಲ್ಲ.

"ಓದ್ಬುಡಿ ಅಯ್ನೋರೆ," ಎಂದಳು ಓಬಳಮ್ಮ ಕೆಳಗಿಂದ. "ನಾವು ಗಂಡನ್ನ, ಮಕ್ಕಳನ್ನ ಮಣ್ಣು ಮಾಡಿ ಬಂದೋರು. ನಮ್ಗೆ ಹೆದರ್ಕಬ್ಯಾಡಿ."

ಎರಡು ಹಾಳೆ ಹಿಂದಕ್ಕೆ ಬಂದವು. ಅಯ್ಯನವರು ಓದಿದರು. ರಾಗವಿಲ್ಲ, ಎಳೆತವಿಲ್ಲ, ಪುರಾಣದ ದನಿಯಿಲ್ಲ. ರೇಷನ್ ಚೀಟಿ ಓದುವ ದನಿ. ಎಲ್ಲಿ ನಿಲ್ಲಿಸಬೇಕೆಂದು ತಿಳಿಯದ ಕುಮಾರಸ್ವಾಮಿ ಹಾರ್ಮೋನಿಯಂ ಮುಟ್ಟಲೇ ಇಲ್ಲ. ಕಂಡಕ್ಟರ್ ಎಷ್ಟು ಎಂದು ಕೇಳಿದ. ಅಯ್ಯನವರು "ಎ" ಎಂದರು. ಅಲ್ಲಿಗೆ ನಿಂತಿತು. ಮೈಕಿನಲ್ಲಿ ಒಂದು ಬಿಕ್ಕು ಊರಿಗೆಲ್ಲ ಕೇಳಿತು. ಮತ್ತೆ "ಎ" ಎಂದರು. ಕೊನೆಗೆ ಎರಡು ಬೆರಳು ಎತ್ತಿ ತೋರಿಸಿದರು.

ಹೆಂಗಸರು ಅತ್ತರು ಎಂದು ಹೇಳಬೇಕಾಗಿಲ್ಲ. ಮೆಟ್ಟಿಲ ಕೆಳಗಿನವರಿಗೆ ಬೆರಳು ಕಾಣಲಿಲ್ಲ. ಎಷ್ಟಂತೆ, ಎಷ್ಟಂತೆ ಎಂದು ಕೇಳುತ್ತಾ ಅವರು ಮೇಲಕ್ಕೆ ಹತ್ತಿಬಂದರು. ಪಡಸಾಲೆಯ ಅಂಚಿಗೆ ಬಂದು ನಿಂತಾಗಲೇ ಎಲ್ಲಿ ನಿಂತಿದ್ದೇವೆಂದು ಅವರಿಗೂ ಗೊತ್ತಾದದ್ದು. ಇಳಿಯಿರಿ ಎನ್ನಲು ಪ್ರಭುದೇವ್ ಬಾಯಿ ತೆರೆದ. ಆದರೆ ಮೂಗು ಕಟ್ಟಿದ್ದರಿಂದ ಮಾತು ಹೊರಡಲಿಲ್ಲ.

ಅತ್ತು ಮುಗಿದ ಮೇಲೆ ಶುರುವಾಯಿತು ನೋಡಿ ನಿಜವಾದ ಕಷ್ಟ. ಸತ್ತ ಮೇಲೆ ಕಾರ್ಯ ಆಗಬೇಡವೇ? ಕೂಸಿಗೆ ತೊಟ್ಟಿಲಾದರೆ, ದೊಡ್ಡವಳಾದವಳಿಗೆ ಚಿಗಳಿಯಾದರೆ, ಸತ್ತವಳಿಗೆ?

"ಹನ್ನೊಂದ್ನೇ ದಿನಕ್ಕೆ ಗಣಾರಾಧನೆ," ಎಂದರು ಸರ್ವಮಂಗಳಮ್ಮ.

"ಅದು ನಿಮ್ಮಲ್ಲಿ. ನಮ್ಮಲ್ಲಿ ಬೇರೆ ಥರ," ಎಂದಳು ಓಬಳಮ್ಮ. "ಭುವನಾ ಯಾವ ಜನ? ನೋಡ್ರಿ ಅಯ್ನೋರೆ, ಬರ್ದಿರ್ತಾರೆ."

ಅಯ್ಯನವರು ಕಣ್ಣೊರೆಸಿಕೊಂಡು ಹುಡುಕಿದರು. ಅಪ್ಪನ ಹೆಸರು ಅನಿಲ್ ಕುಮಾರ್, ಅದರಿಂದ ಏನೂ ತಿಳಿಯದು. ಮನೆದೇವರಿಲ್ಲ, ಬೀದಿಯ ಹೆಸರಿಲ್ಲ. ಇನ್ನೂರು ಪುಟ ಬರೆದವರಿಗೆ ಇದೊಂದು ಮಾತು ಹೊಳೆದೇ ಇಲ್ಲ. "ಬರ್ದಿಲ್ಲ," ಎಂದರು. ಇಷ್ಟು ದಿನ ಜಾತಿ ಕೇಳದೆ ಹುಡುಗಿಯನ್ನು ಮನೆಯೊಳಗೆ ಬಿಟ್ಟುಕೊಂಡಿದ್ದೆವು ಎಂದು ನಲವತ್ತೂ ಜನಕ್ಕೆ ಆಗ ಗೊತ್ತಾಯಿತು. ಈಗ ಹೊರಗೆ ಕಳಿಸುವಂತೆಯೂ ಇಲ್ಲ, ಆಕೆ ಸತ್ತಿದ್ದಾಳೆ.

"ಆರನೇ ಅಧ್ಯಾಯದಾಗೆ ಸಿರಾ ಬಸ್‌ಸ್ಟ್ಯಾಂಡಲ್ಲಿ ಎಗ್ ಬೋಂಡಾ ತಿಂದಿದ್ಲು," ಎಂದು ಯಾರೋ ನೆನಪು ಮಾಡಿದರು. "ಅಂಗಾರೆ ಅಯ್ನೋರ ಪೈಕಿ ಅಲ್ಲ."

"ಅಯ್ನೋರ ಪೈಕಿಯೋರು ಸಿರಾಕ್ಕೋಗಿ ಬೋಂಡಾ ತಿನ್ನಲ್ವಾ?" ಎಂದಳು ಓಬಳಮ್ಮ. "ಕುಮಾರಣ್ಣನ್ನ ಕೇಳ್ರಿ." ಕುಮಾರಸ್ವಾಮಿಗೆ ಹಾರ್ಮೋನಿಯಂನ ತಿದಿಯಲ್ಲಿ ಏನೋ ತುರ್ತು ರಿಪೇರಿ ಕಂಡಿತು.

ಕೊನೆಗೆ ಎಲ್ಲ ಜನರಲ್ಲೂ ಇರುವುದು ಮೂರನೇ ದಿನದ ಹಾಲುತುಪ್ಪ, ಅದನ್ನೇ ಮಾಡೋಣ ಎಂದಾಯಿತು. ಜೊತೆಗೆ ಹುಡುಗಿ ಇಷ್ಟಪಟ್ಟು ತಿನ್ನುತ್ತಿದ್ದುದನ್ನು ಎಡೆ ಇಡಬೇಕು. ಅಂದರೆ ಎಗ್ ಬೋಂಡಾ. ಅಷ್ಟರಲ್ಲಿ ಪ್ರಭುದೇವ್‌ಗೆ ಮೂಗು ಬಿಟ್ಟಿತ್ತು.

"ಬಸವಣ್ಣನ ಮುಂದೆ ಮೊಟ್ಟೇನಾ? ಅಯ್ನೋರೆ, ಮೂರ್ನೇ ದಿನ ಅಂದ್ರೆ ಮಂಗಳದ ದಿನ. ಸ್ವಾಮ್ಗೋಳು ಬರ್ತಾವ್ರೆ."

"ಗುಡಿ ಮುಂದೆ ಬ್ಯಾಡ. ಡೈರಿ ಮುಂದೆ ಇಡಣ," ಎಂದರು ಅಯ್ಯನವರು. "ನಾನೂ ಅಲ್ಲಿಗೆ ಹೋಗ್ತೀನಿ. ಕೊನೇ ಅಧ್ಯಾಯ ಬಾಕಿ ಐತೆ."

"ಮತ್ತೆ ಪುರಾಣ?"

"ಪುರಾಣದ ತಾಯಿ ವರ್ಷಾ ವರ್ಷಾ ಐಕ್ಯ ಆಗ್ತಾಳೆ, ಮುಂದಿನ್ ವರ್ಷನೂ ಆಗ್ತಾಳೆ. ಈ ಮಗು ಸಾಯೋದು ಒಂದೇ ಸತಿ."

"ಅಂಗಾದ್ರೆ ಮುಂದಿನ್ ವರ್ಷ ಸ್ಪೀಕರ್ರೇ. ಆಮೇಲೆ ನನ್ನ ಬೈಬ್ಯಾಡಿ."

ಅಯ್ಯನವರು ಒಂದು ಗಳಿಗೆ ಮಣೆಯನ್ನು ನೋಡಿದರು. "ಇಡ್ಕಳಪ್ಪ," ಎಂದರು.

ಅಮಾವಾಸ್ಯೆ ಸಂಜೆ ಐದಕ್ಕೆ ಡೈರಿ ಎದುರಿನ ಹೊಂಗೆಮರದ ಬುಡದಲ್ಲಿ ಬಾಳೆಲೆ ಹಾಕಿದರು. ಎಗ್ ಬೋಂಡಾ ಬಂದದ್ದು ಸಿರಾದಿಂದಲೇ. ತಂದವನು ಕುಮಾರಸ್ವಾಮಿ, ಯಾವ ಗಾಡಿಯದು ಚೆನ್ನಾಗಿರುತ್ತದೆಂದು ಅವನಿಗೆ ಹೇಗೋ ಗೊತ್ತಿತ್ತು. ಲಕ್ಷ್ಮೀಪತಿ ಅಳತೆ ಮಾಡದೆ ಒಂದು ಲೋಟ ಹಾಲು ಕೊಟ್ಟ. ಸರ್ವಮಂಗಳಮ್ಮ ತುಪ್ಪ ಬಿಟ್ಟರು, ಓಬಳಮ್ಮ ಹೂವಿಟ್ಟಳು. ಅಷ್ಟು ಹೊತ್ತಿಗೆ ಗುಡಿಯಲ್ಲಿ ಸ್ವಾಮಿಗಳ ಮುಂದೆ ಸ್ಪೀಕರ್ ಶುರುವಾಯಿತು. ತಬಲ, ಕೊಳಲು ಎಲ್ಲಾ ಇತ್ತು. ಶರಣೆ ಕಣ್ಣು ಮುಚ್ಚಿ ಲಿಂಗದಲ್ಲಿ ಒಂದಾಗುವ ಹೊತ್ತಿಗೆ ಸರಿಯಾಗಿ ಅದು ತುಮಕೂರು ರಸ್ತೆಯಲ್ಲಿ ಕಡಿಮೆ ಬೆಲೆಯ ಸೈಟುಗಳಿವೆ ಎಂದಿತು.

ಎಡೆ ಇಟ್ಟ ಮೇಲೆ ಎಲ್ಲರೂ ದೂರ ಸರಿದು ಕಾಗೆಗೆ ಕಾದರು. ಕಾಗೆ ಬರಲಿಲ್ಲ. ಹತ್ತು ನಿಮಿಷವಾಯಿತು. ಹೆಂಗಸರ ಮುಖ ಬಾಡತೊಡಗಿತು. ಹುಡುಗಿಗೆ ಏನು ಕೊರಗೋ ಎಂದು ಪಿಸುಗುಟ್ಟಿದರು. ಅಷ್ಟರಲ್ಲಿ ಡೈರಿಯ ಹಿಂದಿನಿಂದ ಒಂದು ಕೋಳಿ, ಯಾರ ಅಪ್ಪಣೆಯನ್ನೂ ಕೇಳದೆ, ಎಲೆಯ ಹತ್ತಿರ ಬಂದು ಬೋಂಡಾವನ್ನು ಕುಕ್ಕಿತು. ಕಡಲೆಹಿಟ್ಟು ಬಿಚ್ಚಿ ಒಳಗಿನ ಮೊಟ್ಟೆಗೇ ಕೊಕ್ಕು ಹಾಕಿತು.

"ಚೂಡಂಡಿ, ನೋಡ್ರಿ ಅಯ್ನೋರೆ," ಎಂದಳು ಓಬಳಮ್ಮ ಗಾಬರಿಯಿಂದ. "ಕಾಗೆ ಬದ್ಲು ಕೋಳಿ ಮುಟ್ಟಿದ್ರೆ ನಡೀತೈತಾ? ಅದೂ ಮೊಟ್ಟೆನೇ ತಿಂತೈತೆ."

ನಲವತ್ತು ಮುಖಗಳು ಅಯ್ಯನವರ ಕಡೆ ತಿರುಗಿದವು. ಅವರು ಜಗಲಿಯ ಮೇಲೆ, ಮಾನಸ ಕೂರುತ್ತಿದ್ದ ಕ್ಯಾನನ್ನು ಮಗುಚಿಕೊಂಡು ಕೂತು, ಕೋಳಿ ತಿನ್ನುವುದನ್ನೇ ನೋಡುತ್ತಿದ್ದರು.

"ತಿನ್ಲಿ ಬುಡಮ್ಮ," ಎಂದರು. "ಆಸ್ಪತ್ರೆ ಊಟ ಉಂಡು ಉಂಡು ಬಾಯಿ ಕೆಟ್ಟಿತ್ತು ಅವಳಿಗೆ."

ಹೆಂಗಸರು ಸಮಾಧಾನವಾಗಿ ಕೂತುಕೊಂಡರು. ಅಯ್ಯನವರು ಕನ್ನಡಕ ಏರಿಸಿ ಕೊನೆಯ ಅಧ್ಯಾಯ ತೆಗೆದರು.